ಲೋಟದ ತಳದ ಕೆಂಪು ಚುಕ್ಕೆ

ಬಿ.ಟಿ.ಎಂ. ಲೇಔಟ್
ಶನಿವಾರ, ೧೪ ಜೂನ್ ೨೦೨೫

ಮಾತು ಬಿಟ್ಟರೂ ಊಟ ಕಳಿಸುವುದನ್ನು ಬಿಡದ ನನ್ನ ಅಮ್ಮನಿಗೆ,

ಹೇಮಶ್ರೀಯ ನಮಸ್ಕಾರ. ಪಿ.ಜಿ. ಓದಲು ಹೊರಟವಳು ಕೊನೆಗೆ ಪಿ.ಜಿ.ಯಲ್ಲೇ ಬಂದು ಬಿದ್ದಿದ್ದೇನೆ. ನೀನು ಫೋನ್ ಎತ್ತುತ್ತಿಲ್ಲ. ಆದರೆ ಐದು ದಿನದಿಂದ ಸಾರಕ್ಕಿಯಿಂದ ಅಪ್ಪನ ಸ್ಕೂಟರಿನಲ್ಲಿ ಟಿಫನ್ ಬಾಕ್ಸ್ ಮಾತ್ರ ತಪ್ಪದೆ ಬರುತ್ತಿದೆ. "ನಿಮ್ಮಮ್ಮ ಏನೂ ಹೇಳ್ಕಳ್ಸಿಲ್ಲ" ಎಂದು ಅಪ್ಪ ಅದನ್ನೇ ಒಂದು ಸಂದೇಶದ ಹಾಗೆ ಹೇಳಿ ಹೋಗುತ್ತಾರೆ. ಅದಕ್ಕೇ ತೊಳೆದ ಡಬ್ಬಿಯೊಳಗೆ ಈ ಕಾಗದ ಇಟ್ಟಿದ್ದೇನೆ. ನಿನ್ನೆಯ ಬಸ್ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಎಷ್ಟು ಕೋಪವೋ ಅಷ್ಟು ಉಪ್ಪು, ನನಗೆ ಗೊತ್ತು.

ಬರುವ ಸೋಮವಾರ ನನ್ನ ಮೌಖಿಕ ಪರೀಕ್ಷೆ ಇತ್ತು. ಈಗ ಇಲ್ಲ. ಯಾಕೆಂದು ಹೇಳುತ್ತೇನೆ.

ಮಾನವ ಹಕ್ಕುಗಳ ಎಂ.ಎ.ಗೆ ಸೇರಿದಾಗ ನೀನು ಬೀದಿಗೆಲ್ಲ ಸಾರಿದ್ದೆ: "ನಮ್ ಹುಡ್ಗಿ ಹಕ್ಕು ಓದ್ತಾಳೆ. ಇನ್ಮೇಲೆ ಬಾಡಿಗೆಯವ್ರು ನಂಗೆ ಹೆದರ್ಬೇಕೋ, ನಾನೇ ಅವ್ರಿಗೆ ಹೆದರ್ಬೇಕೋ, ಕೇಳಿ ಹೇಳ್ತೀನಿ." ಆ ಹುಡುಗಿ ಮನೆಗೆಲಸದವರ ಬಗ್ಗೆ ಪ್ರಬಂಧ ಬರೆಯಲು ಹೋಗಿ ಸಂಬಂಧ ಕೆಡಿಸಿಕೊಂಡಳು.

ಹನ್ನೆರಡು ಜನರ ಸಂದರ್ಶನ ಮಾಡಿದ್ದೆ. ಹೆಸರು ಹಾಕುವಂತಿಲ್ಲ, ನಂಬರ್ ಮಾತ್ರ. ಸೋಫಾದ ಮೇಲೆ ಬಿಟ್ಟಿದ್ದ ಕರಡು ಪ್ರತಿಯನ್ನು ನೀನು ಕನ್ನಡಕ ಹಾಕಿಕೊಂಡು ಓದಿದೆ. ಏಳನೇ ನಂಬರಿನವಳು ಅದರಲ್ಲಿ ಹೀಗೆ ಹೇಳಿದ್ದಳು: ಒಂದೇ ಮನೆಯಲ್ಲಿ ಹನ್ನೊಂದು ವರ್ಷದ ಕೆಲಸ. ಕಾಫಿ ಹಿತ್ತಿಲ ಕಟ್ಟೆಯ ಮೇಲೆ, ಬೇರೆ ಲೋಟದಲ್ಲಿ. ಲೋಟದ ತಳದಲ್ಲಿ ನೇಲ್ ಪಾಲಿಶ್‌ನ ಕೆಂಪು ಚುಕ್ಕೆ, "ಮನೆಯೊಡತಿ ಹಾಕಿದ ಗುರುತು, ಅದನ್ನ ನೋಡಿದ್ರೆ ಕಾಫಿ ಗಂಟಲಲ್ಲಿ ಇಳಿಯಲ್ಲ." ನಾನು ಹೆಸರು ಮುಚ್ಚಿದೆ, ಚುಕ್ಕೆ ಮುಚ್ಚಲು ಮರೆತೆ. ಅಂಥ ಲೋಟ ಇರುವುದು ನಮ್ಮ ಮನೆಯಲ್ಲೊಂದೇ.

ಭಾಗ್ಯಜ್ಯೋತಿ ಆಗ ನಮ್ಮ ಕುಕ್ಕರ್ ತೊಳೆಯುತ್ತಿದ್ದಳು. "ಹನ್ನೊಂದ್ ವರ್ಷ ಉಂಡ್ ಮನೆ ಬಗ್ಗೆ ಕಾಲೇಜಿಗೆಲ್ಲ ಹೇಳ್ಕೊಂಡಿದ್ಯಲ್ಲ ಭಾಗ್ಯ. ನಾಳೆಯಿಂದ ಬರ್ಬೇಡ" ಎಂದೆ ನೀನು. ಅವಳು ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ. ಕುಕ್ಕರ್ ತೊಳೆದು, ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಆಮೇಲೆ ನಿನಗೆ ಘನತೆ, ಸಮಾನತೆ ಅಂತ ಅರ್ಧ ಗಂಟೆ ಪಾಠ ಮಾಡಿದೆ. "ಆ ಚುಕ್ಕೆ ನಾನಿಟ್ಟಿದ್ದಲ್ಲ ಕಣೆ" ಎಂದು ನೀನು ಮೂರು ಸಲ ಹೇಳಿದೆ. "ಮತ್ತೆ ಲೋಟ ತಾನಾಗೇ ಕುಂಕುಮ ಇಟ್ಕೊಂತಾ" ಎಂದು ಕೇಳಿ, ಬ್ಯಾಗು ತಗೊಂಡು ಇಲ್ಲಿಗೆ ಬಂದೆ.

ಅಮ್ಮ, ಭಾಗ್ಯಕ್ಕ ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಅವಳ ರೆಕಾರ್ಡಿಂಗ್ ಇರುವುದೇ ಆರು ನಿಮಿಷ. ಮಂಡಿನೋವು, ಉತ್ತರಹಳ್ಳಿಯ ಬಸ್ಸಿನ ನೂಕುನುಗ್ಗಲು, ನೀನು ಕೊಟ್ಟ ಸೀರೆ, ಅಷ್ಟೇ. ನನಗೆ ಬೇಕಾದದ್ದು ಅದರಲ್ಲಿ ಇರಲಿಲ್ಲ. ಹಾಗಾಗಿ ಹಿತ್ತಿಲಲ್ಲಿ ನಾನು ಕಂಡದ್ದನ್ನು ಅವಳ ಬಾಯಿಗೆ ತುರುಕಿ ಉದ್ಧರಣ ಚಿಹ್ನೆ ಹಾಕಿದೆ. ನನ್ನ ಮಾರ್ಗದರ್ಶಕಿ ಶಾಂತಲಾ ಮೇಡಂ ಆ ಪುಟದ ಅಂಚಿನಲ್ಲಿ "ಮನ ಕಲಕುತ್ತದೆ" ಎಂದು ಬರೆದಿದ್ದರು. ಕಲಕಿದವಳೂ ನಾನೇ, ಸಕ್ಕರೆ ಹಾಕಿದವಳೂ ನಾನೇ.

ಲೋಟ ಬೇರೆ ಇತ್ತು, ಅದು ಸುಳ್ಳಲ್ಲ. ಅದನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಅವಳು ಹಾಗೆಂದಳು ಅನ್ನುವುದು ಸುಳ್ಳು.

ನಿನ್ನೆ ಉತ್ತರಹಳ್ಳಿಗೆ ಹೋಗಿದ್ದೆ. ನಮ್ಮ ಕ್ರಾಸಿನ ಇನ್ನೂ ಎರಡು ಮನೆಯವರು ಭಾಗ್ಯಕ್ಕನನ್ನು ಬಿಡಿಸಿದ್ದಾರೆ. ಕಾಲೇಜಿಗೆ ಚಾಡಿ ಹೇಳುವವಳು ಅಂತ ಹೆಸರಾಗಿದೆಯಂತೆ. ಅವಳಿಗೆ ಈಗ ಒಂದು ಮನೆಯೂ ಇಲ್ಲ. ಆದರೂ ನನಗೆ ಕಾಫಿ ಕೊಟ್ಟು, "ಪರೀಕ್ಷೆ ಯಾವಾಗ ಪುಟ್ಟಿ" ಎಂದು ಕೇಳಿದಳು. ಕಾಫಿ ನನಗೆ ಇಳಿಯಲಿಲ್ಲ. ಬರೆದ ಸುಳ್ಳು ಅಲ್ಲಿ ನನ್ನ ಪಾಲಿಗೆ ನಿಜವಾಯಿತು.

ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು "ಸಂದರ್ಶನ ಅಂದ್ರೆ ನೀವು ಕೇಳಿಸ್ಕೊಳ್ಳೋದು ಹೇಮಶ್ರೀ" ಎಂದರು. ಪ್ರಬಂಧ ವಾಪಸು ಬಂತು. ಡಿಗ್ರಿ ಒಂದು ವರ್ಷ ತಡವಾಗಬಹುದು, ಬಾರದೆಯೂ ಹೋಗಬಹುದು.

ನೀನು ಭಾಗ್ಯಕ್ಕನಿಗೆ ಫೋನ್ ಮಾಡು. ಆ ಎರಡು ಮನೆಗೂ ನೀನೇ ಹೋಗಿ ಹೇಳು. ನಾನು ಹೇಳಿದರೆ ಇನ್ನೊಂದು ಭಾಷಣ ಅಂದುಕೊಳ್ಳುತ್ತಾರೆ. ನಮ್ಮ ಹುಡುಗಿ ಸುಳ್ಳು ಬರೆದಳು ಅಂತ ಹೇಳಿದರೆ ಸಾಕು. ಬೀದಿಯಲ್ಲಿ ನಿನಗೆ ಇದು ಎಷ್ಟು ಕಷ್ಟ ಅಂತ ಗೊತ್ತಿದ್ದೂ ಕೇಳುತ್ತಿದ್ದೇನೆ.

ನಾಳೆಯ ಡಬ್ಬಿಯಲ್ಲಿ ಉಪ್ಪು ಎಷ್ಟಿದ್ದರೂ ಉಣ್ಣುವ,
ನಿನ್ನ ಹೇಮಾ

ಮೇಲೆ ಬರೆಯಲು ಧೈರ್ಯ ಬಾರದೆ ಇಲ್ಲಿ ಬರೆಯುತ್ತಿದ್ದೇನೆ: ರೆಕಾರ್ಡಿಂಗನ್ನು ಆರು ನಿಮಿಷಕ್ಕೆ ನಾನೇ ನಿಲ್ಲಿಸಿದ್ದು ಯಾಕೆಂದು ಹೇಳಲಿಲ್ಲ. ಆ ಲೋಟದ ಬಗ್ಗೆ ಕೇಳಿದ್ದೆ. ಭಾಗ್ಯಕ್ಕ ನಕ್ಕಳು. "ಆ ಚುಕ್ಕೆ ಇಟ್ಟೋಳು ನೀನೇ ಅಲ್ವಾ ಪುಟ್ಟಿ? ಆಗ ನೀನು ಏಳನೇ ಕ್ಲಾಸು. ನನ್ ಲೋಟದಲ್ಲಿ ತಪ್ಪಿ ಹಾಲು ಕುಡ್ದುಬಿಟ್ಟೆ ಅಂತ ಅತ್ತು, ಗುರುತಿಗೆ ಇರ್ಲಿ ಅಂತ ಹಚ್ಚಿದ್ದೆ. ನೇಲ್ ಪಾಲಿಶ್ ತಂದಿದ್ದಕ್ಕೆ ಬೈತಾರೆ, ಅಮ್ಮಂಗೆ ಹೇಳ್ಬೇಡ ಅಂದಿದ್ದೆ. ನಾನ್ ಇವತ್ತಿಗೂ ಹೇಳಿಲ್ಲ."