ಅಂಚಿನಲ್ಲಿ ನಿಂತಿದ್ದ ತಾಯಿ

ಮಾರ್ಚ್ ೧೪, ಬೆಳಗ್ಗೆ

ಪ್ರೀತಿಯ ಪುಟ್ಟಿ,

ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದ ಸೇಮ್ ವಿತ್ ಯು. ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವ ಸಾಲು ಇದೊಂದೇ. ಅದರಲ್ಲೂ ಮೊದಲರ್ಧ ಇವತ್ತು ಸುಳ್ಳು. ನಿನ್ನೆ ಎರಡನೆಯ ಸಲ ನೀನು ಫೋನ್ ಮಾಡಿದಾಗ ಎತ್ತಲಿಲ್ಲ. ಡಿಲೇ ಈಸ್ ರಿಗ್ರೆಟೆಡ್.

ನಮ್ಮ ಬೀದಿಯ ವಾಚ್ ರಿಪೇರಿಯವರ ಅಂಗಡಿಯ ಗಾಜು ಪುಡಿಯಾಗಿದೆ. ಅಳುವ ಮಗುವನ್ನು ಅವರು ಕೈಹಿಡಿದು ಎಳೆಯುತ್ತಿರುವ ಫೋಟೊ, ಕೆಳಗೆ ‘ಮಕ್ಕಳ ಕಳ್ಳ, ಎಲ್ಲರಿಗೂ ಕಳಿಸಿ’ ಎಂಬ ಬರಹ. ನಿನ್ನೆ ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿತು. ನಿಮ್ಮ ಸುದ್ದಿ ವೆಬ್‌ಸೈಟೂ ಹಾಕಿತಲ್ಲ! ಆ ಮಗು ಅವರ ಮೊಮ್ಮಗಳು, ಬಲೂನಿಗೆ ಹಟ ಹಿಡಿದಿತ್ತು. ಮಗುವಿನ ತಾಯಿಯೇ ಬಂದು ಹೇಳಿದರೂ, “ಹೇಳಿಕೊಟ್ಟು ಕರ್ಕೊಂಡು ಬಂದಿದಾರೆ, ಫೋಟೊ ಸುಳ್ಳು ಹೇಳತ್ತೇನ್ರೀ?” ಎಂದನಂತೆ ಗಾಜು ಒಡೆದವರಲ್ಲೊಬ್ಬ, ಅವರಲ್ಲೇ ವಾಚಿಗೆ ಪಟ್ಟಿ ಹಾಕಿಸಿಕೊಂಡವನು.

ಪೊಲೀಸರು ಅವರನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದಾರೆ, ರಕ್ಷಣೆಗೆ. ನಿನ್ನೆ ರಾತ್ರಿ ನೋಡಲು ಹೋಗಿದ್ದೆ. ಹುಬ್ಬಿನ ಮೇಲೆ ಪಟ್ಟಿ. “ಸಾರ್, ಮೂವತ್ತು ವರ್ಷ ಪೇಪರ್‌ನಲ್ಲಿ ಪುಟ ಕಟ್ಟಿದವರು ನೀವು. ಅದು ಕತ್ತರಿಸಿದ ಫೋಟೊ, ಪೂರ್ತಿಯದು ತೆಗೆದವನ ಹತ್ರ ಇದ್ದೇ ಇರತ್ತೆ, ಹುಡುಕಿಸಿ. ನಾಳೆ ಸಂಜೆ ಮನೆಗೆ ಬಿಡ್ತಾರಂತೆ. ಬಾಗಿಲಲ್ಲಿ ಯಾರ‍್ಯಾರು ನಿಂತಿರ್ತಾರೋ!” ಎಂದು ನನ್ನ ಕೈ ಹಿಡಿದರು. ಕೈ ಬಿಡಿಸಿಕೊಂಡು ಬಂದೆ.

ಮೊದಲ ಸಲ ಫೋನ್ ಮಾಡಿದಾಗ ನೀನೂ ಅದನ್ನೇ ಕೇಳಿದೆ: “ಅಪ್ಪಾ, ಅದು ಮೊದಲು ಬಂದಿದ್ದು ನಿಮ್ಮ ವಾಕಿಂಗ್‌ನವರ ವಾಟ್ಸಾಪ್ ಗುಂಪಲ್ಲೇ ಅಂತೆ. ಯಾರು ಹಾಕಿದ್ದು?” ನೋ ಐಡಿಯಾ ಎಂದೆ. ಅಂಥ ಹೊತ್ತಿಗೆ ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ನೋಡು.

ಒಂದು ಮಾತು ನಡೆಸಿಕೊಡು. ತಿದ್ದುಪಡಿಯನ್ನು ಮೂಲೆಗೆ ತಳ್ಳಬೇಡ. ಸುಳ್ಳು ನಿಂತಿದ್ದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ, ಸಂಜೆಯೊಳಗೆ ಹಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು ತಾಯಿ. ನಿನಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಲಕೋಟೆಯಲ್ಲಿ ಪೂರ್ತಿ ಫೋಟೊ ಇದೆ. ಬಲ ಅಂಚಿನಲ್ಲಿ ಮಗುವಿನ ಚಪ್ಪಲಿ ಹಿಡಿದು ನಗುತ್ತಿರುವವಳು ಅದರ ತಾಯಿ. ತೆಗೆದವನು ನಾನೇ, ಎದುರಿನ ಬಸ್ ನಿಲ್ದಾಣದಿಂದ. ನಿಮ್ಮಮ್ಮ ಹೋದಮೇಲೆ ಇಂಥದ್ದನ್ನು ತೋರಿಸಲು ಮನೆಯಲ್ಲಿ ಯಾರಿದ್ದಾರೆ? ಗುಂಪಿಗೆ ಕಳಿಸುತ್ತೇನೆ. ಎರಡು ಕಾಲಮಿಗೆ ಅಗಲ ಜಾಸ್ತಿ ಎಂದು ಹಳೆಯ ಕೈ ತಾನಾಗಿ ಅವಳನ್ನು ಕತ್ತರಿಸಿ ಹಾಕಿತು. ಫೋನಿನಲ್ಲಿ ಎಲ್ಲಿಯ ಕಾಲಂ! ಬರಹ ಸೇರಿಸಿದವರು ಬೇರೆ, ಕತ್ತರಿಸಿದವನು ನಾನು. ನನ್ನ ಹೆಸರು ಹಾಕಿಯೇ ಪ್ರಕಟಿಸು. ನಿನ್ನ ಆಫೀಸಿನ ಕೆಳಗೆ, ಈ ಲಕೋಟೆ ಕಾವಲುಗಾರನ ಕೈಗೆ ಕೊಟ್ಟು, ಅವನ ಪಕ್ಕದ ಬೆಂಚಿನಲ್ಲಿ ಕೂತಿದ್ದೇನೆ. ಕರೆದರೆ ಮೇಲೆ ಬರುತ್ತೇನೆ.