ನಾಲ್ಕನೇ ಪುಟದ ಬಾಣ

ಜುಲೈ 9, ಬುಧವಾರ

ಆ ಬಾಣ ಇನ್ನೂ ಕಣ್ಣಿಗೆ ಚುಚ್ಚುತ್ತಿದೆ.

ಹೃದಯದ ಪಾಠವನ್ನು ಹನ್ನೆರಡು ವರ್ಷ ತಿದ್ದಿ ತೀಡಿದವಳು ನಾನು. ಶಿಕ್ಷಕರು ಪಾಠ ಹಂಚಿಕೊಳ್ಳುವ ಜಾಲತಾಣಕ್ಕೆ ಅದನ್ನು ಹಾಕಿ ಎಂದು ಕಂಪ್ಯೂಟರ್ ಮೇಷ್ಟ್ರು ತಿಂಗಳುಗಟ್ಟಲೆ ಗೋಗರೆದಿದ್ದರು. ಕೊನೆಗೆ ಹಾಕಿದೆ, ಆದರೆ ನೋಡಬಹುದು, ತಿದ್ದುವಂತಿಲ್ಲ ಎಂದು ಬೀಗ ಜಡಿದು. ನನ್ನ ಬೀರುವಿನ ಚಾರ್ಟುಗಳಿಗೂ ಬೀಗವೇ ತಾನೆ.

ಇವತ್ತು ಸ್ಟಾಫ್ ರೂಮಿನಲ್ಲಿ ತೆರೆದರೆ, ಯಾವುದೋ ಊರಿನ ಟೀಚರ್ ಪಾಠದ ಕೆಳಗೆ ಬರೆದಿದ್ದಾರೆ: "ಮೇಡಂ, ಪಾಠ ತುಂಬಾ ಚೆನ್ನಾಗಿದೆ. ನಾಲ್ಕನೇ ಪುಟದಲ್ಲಿ ಶ್ವಾಸಕೋಶದಿಂದ ಬರೋ ರಕ್ತದ ಬಾಣ ಮಾತ್ರ ಉಲ್ಟಾ ಇದೆ. ನಮ್ಮ ಏಳನೇ ಕ್ಲಾಸ್ ಹುಡುಗಿ ಕಂಡುಹಿಡಿದಳು."

ಮೈಯೆಲ್ಲ ಉರಿಯಿತು. "ಏಳನೇ ಕ್ಲಾಸಿನವಳು ನನಗೆ ಪಾಠ ಹೇಳ್ತಾಳಾ?" ಎಂದೆ.

ಮೇಷ್ಟ್ರು ಪುಟ ನೋಡಿ ನಕ್ಕರು. "ಹೇಳಿದ್ದಾಳಲ್ಲ ಮೇಡಂ, ಸರಿಯಾಗೇ ಹೇಳಿದ್ದಾಳೆ."

ಮನೆಗೆ ಬಂದು ಬಾಣ ತಿರುಗಿಸಿದೆ. ಬೀಗವನ್ನೂ ತೆಗೆದೆ, ಯಾರು ಬೇಕಾದರೂ ತಿದ್ದಲಿ. ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಹೃದಯದ ಲಬ್‌ಡಬ್ ಸದ್ದನ್ನೇ ಸೇರಿಸಿದ್ದಾರೆ! ಮೂರು ಸಲ ಕೇಳಿದೆ. ನನಗೆ ಯಾಕೆ ಇದು ಹೊಳೆಯಲಿಲ್ಲವೋ.

ಆದರೂ ಕೊರೆಯುತ್ತಿರುವುದು ಬೇರೆ. ಹನ್ನೆರಡು ವರ್ಷ, ನೂರಾರು ಮಕ್ಕಳು. ನನ್ನ ತರಗತಿಯಲ್ಲಿ ಒಬ್ಬರಿಗೂ ಆ ಬಾಣ ಕಂಡಿರಲಿಲ್ಲವೇ? ಕಂಡಿರುತ್ತದೆ. ಮೂಗಿನ ತುದಿಯ ಈ ಸಿಟ್ಟು ನೋಡಿ ಎತ್ತಿದ ಕೈ ಇಳಿಸಿರುತ್ತಾರೆ.

ನಾಳೆ ಹಳೆಯ ನಾಲ್ಕನೇ ಪುಟವನ್ನೇ ಗೋಡೆಯ ಮೇಲೆ ತೋರಿಸಿ, ಏನೂ ಹೇಳದೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಒಂದು ಕೈಯಾದರೂ ಮೇಲೇಳುವವರೆಗೆ ಕೂತೇ ಇರುತ್ತೇನೆ.