ಎಂಜಲಿನ ಪ್ರಬಂಧ

ಪುನಾತಾ, ಬೊಲಿವಿಯಾ
ಗುರುವಾರ, ಅಕ್ಟೋಬರ್ 9

ಮುಖ ಕಾಣದ 'ಹಸಿರೆಲೆ'ಗೆ,

ಮೂರನೇ ತರಗತಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ಬೇರೆ ಕೆಲಸವಿಲ್ಲವೇ? ಮನೆಯ ಹಿರಿಯರು ಕೈಯಾರೆ ಬರೆದು ಕೇಳಿದರೆ ಮಾತ್ರ ಶಾಲೆಗೆ ಪತ್ರ ಕೊಡುತ್ತೇನೆ ಎಂದು ನನ್ನ ಮೊಮ್ಮಗಳು ಯೊಸೆಲಿನ್‌ಗೆ ಹೇಳಿದೆಯಂತೆ. ಅವಳ ಅಪ್ಪ ಅಮ್ಮ ಸಾಂತಾ ಕ್ರೂಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಇಲ್ಲಿ ಹಿರಿಯಳು ಅಂತ ಇರುವವಳು ನಾನೊಬ್ಬಳೇ. ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದೆ. ನೀನು ಗಂಡೋ ಹೆಣ್ಣೋ ಅದೂ ತಿಳಿಯದು. ಫೋನಿನಲ್ಲಿ ನಿನ್ನ ಮುಖದ ಜಾಗದಲ್ಲಿ ಒಂದು ಎಲೆಯ ಚಿತ್ರ. ಎಲೆಗೆ ಪತ್ರ ಬರೆಯುವ ಕಾಲ ಬಂತು ನನಗೆ.

ಆದರೂ ಉಪಕಾರ ಉಪಕಾರವೇ. ಅದನ್ನು ಮೊದಲು ಬರೆಯುತ್ತೇನೆ.

ಆಗಸ್ಟಿನಲ್ಲಿ ಜೀವಶಾಸ್ತ್ರದ ಉರ್ಕಿದಿ ಮೇಷ್ಟ್ರು, ನಮ್ಮ ಎಂಜಲಲ್ಲೂ ಇರುತ್ತಂತಲ್ಲ, ಆ ಕಿಣ್ವಗಳ ಮೇಲೆ ಪ್ರಬಂಧ ಬರೆಯಿರಿ ಅಂದರು. ತರಗತಿಯ ಅರ್ಧ ಮಕ್ಕಳು ಫೋನಿನಲ್ಲಿ ಯಾರನ್ನೋ ಹಿಡಿದು ಬರೆಸಿಕೊಂಡವು. ನಮ್ಮವಳು ನಿನ್ನನ್ನು ಹುಡುಕಿದ್ದೂ ಅದೇ ಆಸೆಗೆ, ಸುಳ್ಳೇಕೆ. ನೀನು, "ಬರ್ಕೊಡಲ್ಲಮ್ಮ. ನಿಮ್ಮ ಕಡೆ ಮೆಕ್ಕೆಜೋಳ ಜಗಿದು ಚಿಚಾ ಹೆಂಡ ಮಾಡ್ತಿದ್ರಲ್ಲ, ಗೊತ್ತಿರೋರು ಮನೇಲಿದ್ರೆ ಹೋಗಿ ಕೇಳು," ಅಂದೆಯಂತೆ. ಅವಳು ಅಡುಗೆಮನೆಗೆ ಬಂದು, "ಅಜ್ಜೀ, ನೀನು ಜಗಿದಿದ್ದೀಯಾ?" ಅಂದಳು. "ನಿನ್ನ ತಲೆ ಜಗೀತೀನಿ, ಹೋಗು," ಅಂದೆ.

ಮೂರು ದಿನ ಬಿಡಲಿಲ್ಲ. ಕೊನೆಗೆ ಹೇಳಿದೆ. ನನ್ನನ್ನು ಶಾಲೆ ಬಿಡಿಸಿದ್ದೇ ಅದಕ್ಕೆ. ಚಿಚಾ ಅಂಗಡಿಯ ಹಿತ್ತಿಲಲ್ಲಿ ಎಂಟು ಹೆಂಗಸರು ಸುತ್ತ ಕೂತು, ಒಣ ಜೋಳದ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, ಎಂಜಲಲ್ಲೇ ಉಂಡೆ ಮಾಡಿ, ಅಂಗುಳಿಗೆ ಒತ್ತಿ ತೆಗೆದು ಬಿಸಿಲಿಗೆ ಹರವುತ್ತಿದ್ದೆವು. ಮುಕು ಅನ್ನುತ್ತಿದ್ದೆವು ಅದಕ್ಕೆ. ಎಂಜಲು ತಾಗಿದ ಹಿಟ್ಟು ಬಿಸಿನೀರಲ್ಲಿ ಸಿಹಿಯಾಗುತ್ತದೆ, ಆ ಸಿಹಿ ಹುಳಿತರೆ ಚಿಚಾ. ಎಲ್ಲರಿಗಿಂತ ಚಿಕ್ಕವಳು ನಾನು. ಸಂಜೆಗೆ ದವಡೆ ಸೆಟೆದುಕೊಂಡು ಊಟ ಅಗಿಯಲಾಗುತ್ತಿರಲಿಲ್ಲ. ಮದುವೆಯಾದ ಮೇಲೆ ಅತ್ತೆ ನನ್ನನ್ನು "ಉಗುಳೋಳು" ಅಂತಲೇ ಕರೆದಳು. ಐವತ್ತು ವರ್ಷ ಆ ಮಾತನ್ನು ನಾನು ಎತ್ತಿರಲಿಲ್ಲ.

ಹುಡುಗಿ ನಗಲಿಲ್ಲ. ನೋಟುಪುಸ್ತಕ ತಂದು ಬರೆದುಕೊಂಡಳು. ಆಮೇಲೆ ತಾನೇ ಜಗಿಯಲು ಕೂತಳು. ಮೊದಲ ದಿನ ಅರ್ಧ ಹಿಟ್ಟು ನುಂಗಿಬಿಟ್ಟಳು. ಉಂಡೆ ಒಣಗಿದ ಮೇಲೆ ಅವಸರಕ್ಕೆ ಕುದಿಯುವ ನೀರು ಸುರಿದಳು. ಅದು ಬರೀ ಗಂಜಿಯಾಗಿ ಕೂತಿತು, ಸಿಹಿ ಬರಲಿಲ್ಲ. "ದಡ್ಡೀ, ಕುದಿನೀರು ಬಿದ್ರೆ ಎಂಜಲು ಸಾಯುತ್ತೆ. ಬೆರಳು ಅದ್ದಿ ಹತ್ತು ಎಣಿಸೋಷ್ಟು ಬಿಸಿ ಸಾಕು," ಅಂದೆ.

"ಸಾಯುತ್ತೆ ಅಂತ ನಿಂಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಾಲಿಗೆ ಇಲ್ವಾ ನಂಗೆ?"

ಇದನ್ನು ಅವಳು ನಿನಗೆ ಬರೆದಳು. ನೀನು, "ನಿಮ್ಮಜ್ಜಿ ಹೇಳಿದ್ದೇ ಪ್ರಬಂಧ. ಪುಸ್ತಕದೋರು ಅದನ್ನೇ ದೊಡ್ಡ ಮಾತಲ್ಲಿ ಹೇಳಿದಾರೆ. ಯಾಕೆ ಸಾಯುತ್ತೆ ಅಂತ ಈಗ ನೀನು ಹುಡುಕು," ಅಂತ ಉತ್ತರ ಕೊಟ್ಟೆ. ಅದನ್ನು ಅವಳು ನನಗೆ ಎರಡು ಸಲ ಓದಿದಳು. ಎರಡನೇ ಸಲ ಓದಿಸಿದ್ದು ನಾನೇ. ಇಪ್ಪತ್ತು ದಿನ ಆ ಹುಡುಗಿ ನನ್ನ ಪಕ್ಕ ಬಿಟ್ಟು ಏಳಲಿಲ್ಲ. ಅದಕ್ಕೆ ಮೊದಲು ನಮ್ಮ ಮಾತೆಂದರೆ ಊಟ ಆಯ್ತಾ, ಬಾಗಿಲು ಹಾಕಿದ್ಯಾ, ಇಷ್ಟೇ. ಥ್ಯಾಂಕ್ಸ್ ಹೇಳುವ ಬಾಯಿ ನನ್ನದಲ್ಲ, ಆದರೆ ಇದಕ್ಕೆ ಹೇಳುತ್ತಿದ್ದೇನೆ.

ಈಗ ಕಷ್ಟ ಕೇಳು. ಮೇಷ್ಟ್ರು ಮೊದಲು ಒಳ್ಳೆ ಅಂಕ ಕೊಟ್ಟಿದ್ದರು. ಪ್ರಬಂಧ ಫೋನಿನವರು ಬರೆದುಕೊಟ್ಟದ್ದು ಎಂದು ಯಾರೋ ಕಿವಿಗೆ ಹಾಕಿದರು. ಆ ಅಂಕ ಹೊಡೆದುಹಾಕಿ ಸೊನ್ನೆ ಕೊಟ್ಟಿದ್ದಾರೆ. ಇದು ಅವಳ ಕೊನೆಯ ವರ್ಷ. ಸೊನ್ನೆ ಹೀಗೇ ಉಳಿದರೆ ಇದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕು. ಕೂರಲ್ಲ ಅನ್ನುತ್ತಾಳೆ. ಸಾಂತಾ ಕ್ರೂಸಿಗೆ ಹೋಗಿ ಹೊಲಿಗೆಗೆ ಸೇರುತ್ತಾಳಂತೆ. ನರ್ಸ್ ಆಗುವ ಮಾತು ಈ ವಾರ ಬಾಯಿಗೇ ಬಂದಿಲ್ಲ.

ನೀನು ಬರೆಯಬೇಕಾದ್ದು ಇಷ್ಟು: "ನಾನು ಕೇಳಿದ್ದು ಬರೀ ಪ್ರಶ್ನೆ, ಬರೆದದ್ದು ಹುಡುಗಿ." ನಿಮ್ಮಿಬ್ಬರ ಮಾತನ್ನೆಲ್ಲ ಜೊತೆಗೆ ಸೇರಿಸು. ಅವಳು ತಪ್ಪಿದ್ದೂ ಇರಲಿ. ಈ ಕಡೆ ಬಂದರೆ ನಮ್ಮನೆಯಲ್ಲಿ ಬೇಯಿಸಿದ ಜೋಳ, ಹಸಿ ಚೀಸ್ ಇರುತ್ತದೆ.

ಉಪಕಾರ ಮರೆಯದ,
ಸೆಫೆರಿನಾ ಕ್ಲಾರೊಸ್

ತಾ.ಕ.: ಮೇಷ್ಟ್ರ ಕಿವಿಗೆ ಹಾಕಿದ್ದು ನಾನು. ಯೊಸೆಲಿನ್ ತನ್ನ ಗೆಳತಿಯರ ಮೇಲೆಲ್ಲ ಅನುಮಾನ ಪಡುತ್ತಿದ್ದಾಳೆ. ಮಂಗಳವಾರದ ಸಂತೆಯಲ್ಲಿ, ಪ್ರಬಂಧ ಓದಿದ್ದ ಮೇಷ್ಟ್ರು ಎಲ್ಲರೆದುರು, "ದೊನ್ಯಾ ಸೆಫೆರಿನಾ, ನಮ್ಮಪ್ಪ ಕುಡಿದದ್ದು ನೀವು ಜಗಿದ ಚಿಚಾನೇ ಇರ್ಬೇಕು ನೋಡಿ," ಅಂದರು. ಮೆಚ್ಚಿಯೇ ಅಂದದ್ದು. ಆದರೆ ಆಲೂಗಡ್ಡೆ ಮಾರುವವಳು ಕಿಸಕ್ಕೆಂದಳು. "ನಾನ್ಯಾವತ್ತೂ ಜಗಿದವಳಲ್ಲ, ಅದೆಲ್ಲ ಫೋನಿನೋರು ಬರ್ಕೊಟ್ಟಿದ್ದು," ಅಂದುಬಿಟ್ಟೆ. ಈ ಹಾಳೆಯ ಫೋಟೋ ತೆಗೆದು ನಿನಗೆ ಕಳಿಸುವವಳು ಯೊಸೆಲಿನೇ. ಎದುರು ನಿಂತು ಹೇಳಲು ನನ್ನಿಂದ ಆಗಲಿಲ್ಲ, ಓದಿಕೊಳ್ಳಲಿ. ಸೋಮವಾರ ಶಾಲೆಗೆ ಹೋಗಿ ಮೇಷ್ಟ್ರ ಮುಂದೆ ಜಗಿದೇ ತೋರಿಸುತ್ತೇನೆ. ಒಮ್ಮೆ ಸುಳ್ಳು ಹೇಳಿದವಳನ್ನು ಅವರು ಎಷ್ಟು ನಂಬುತ್ತಾರೋ, ಹಾಗಾಗಿ ನಿನ್ನ ಪತ್ರವೂ ಬೇಕು. ಹದಿನೇಳನೇ ತಾರೀಖು ಶುಕ್ರವಾರದೊಳಗೆ ಉತ್ತರ ಬರೆ.